ಮಳೆಕಾಡಿನೊಳಗಿನ ಬೆಳಕು: ಒಂದೋ ಕಪ್ಪು, ಇಲ್ಲಾ ಬಿಳಿ ತೂತು. ಏನು ಮಾಡುವುದು?

ಎಲೆಮರೆಕಾಯಿ

ನಾಲ್ಕು ದಿನ ದಟ್ಟ ಮಳೆಕಾಡಿನೊಳಗೆ ಓಡಾಡಿ ಬಂದೆ. 900ಕ್ಕೂ ಜಾಸ್ತಿ ಫೋಟೋ. ಕಂಪ್ಯೂಟರಿಗೆ ಹಾಕಿ ನೋಡಿದರೆ ಇಟ್ಟುಕೊಳ್ಳುವ ಹಾಗಿರುವುದು 11. ಅದರಲ್ಲೂ ಮೂರು ಕಾಡಿನ ಹೊರಗೆ, ಹೊಳೆ ದಂಡೆಯಲ್ಲಿ ತೆಗೆದದ್ದು.

ನಿಂತು ನೋಡುವಾಗ ಎಷ್ಟು ಚೆನ್ನಾಗಿತ್ತು ಗೊತ್ತಾ. ಹಾವಸೆ ಹಿಡಿದ ಬೊಡ್ಡೆಗಳು, ಎಲ್ಲೋ ಮೇಲಿಂದ ಜಾರಿ ಬಂದ ಬಿಸಿಲು, ಅದರಲ್ಲಿ ಹೊಳೆಯುವ ಒಂದೇ ಒಂದು ಎಲೆ. ಫೋಟೋದಲ್ಲಿ ಮಾತ್ರ ಎರಡೇ ಥರ. ಒಂದೋ ಎಲ್ಲ ಕಪ್ಪು, ನಡುವೆ ಸುಣ್ಣ ಎರಚಿದ ಹಾಗೆ ಮಚ್ಚೆ. ಇಲ್ಲಾ ಎಲ್ಲ ಹಸಿರು ರಾಡಿ, ಎಲೆ ಸಂದಿಯ ಆಕಾಶ ಹುಳ ಹೊಡೆದ ಬಟ್ಟೆಯ ಹಾಗೆ ತೂತು ತೂತು. ಜೊತೆಗೆ ಬಂದಿದ್ದ ಗೆಳೆಯನ ಮುಖ ಪಾಚಿ ಕಟ್ಟಿದ ಹಾಗಿದೆ. ಅವನು ಇನ್ನೂ ನೋಡಿಲ್ಲ.

ಹೊಂಬಿಸಿಲು ಸಿಗುತ್ತದೆ ಅಂತ ಬೆಳಗ್ಗೆ 5ಕ್ಕೇ ಎದ್ದು ಹೋಗಿದ್ದೆ. ಏಳೂವರೆಯಾದರೂ ಕಾಡಿನೊಳಗೆ ಕತ್ತಲೆಯೇ. ಫುಲ್ ಫ್ರೇಮ್ ಕ್ಯಾಮೆರಾ, 24-70 ಎಫ್ 4 ಲೆನ್ಸ್, ಕೈಯಲ್ಲೇ ಹಿಡಿದು ತೆಗೆದದ್ದು, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೋ. ಹೆಚ್ಚುಕಮ್ಮಿ ಎಲ್ಲವೂ 6400ಕ್ಕೆ ಹೋಗಿ ಕೂತಿವೆ. ಫ್ಲ್ಯಾಶ್ ಬೇಡ, ಅಲ್ಲಿರುವ ಬೆಳಕಲ್ಲೇ ತೆಗೆಯಬೇಕು ಅನ್ನುವುದು ಆಸೆ. ಎಲ್ಲಿ ತಪ್ಪಿದೆ ಹೇಳಿ.


ಮಿಂಚುಹುಳ

ಇಷ್ಟೆಲ್ಲ ಯಾಕೆ ಒದ್ದಾಡ್ತೀರಿ. ಒಂದು ಫ್ಲ್ಯಾಶ್ ಹಾಕಿ, ಮುಗೀತು.


ಮುಕ್ಕಾಲಿ

ಅವರು ಬೇಡ ಅಂತ ಮೊದಲೇ ಹೇಳಿದ್ದಾರಲ್ಲ ಸ್ವಾಮಿ. ಅದೂ ಅಲ್ಲದೆ ಫ್ಲ್ಯಾಶ್ ಬೆಳಕು ದೂರ ಹೋದ ಹಾಗೆ ಸೊರಗುತ್ತದೆ. 3 ಮೀಟರ್ ದೂರದ ಗಿಡಕ್ಕೆ ಸರಿಹೊಂದಿಸಿದರೆ 12 ಮೀಟರ್ ಹಿಂದಿನ ಮರಕ್ಕೆ ಸಿಗುವುದು ಅದರ 16ರಲ್ಲಿ ಒಂದು ಪಾಲು. ಮುಂದಿನ ಗಿಡ ಬೆಳ್ಳಗೆ, ಹಿಂದೆ ಕಾಡೇ ಇಲ್ಲ. ಕಪ್ಪೆ, ಹುಳ ತೆಗೆಯುವವರಿಗೆ ಸರಿ. ಕಾಡನ್ನೇ ತೆಗೆಯುವವರಿಗೆ ಆಗಿಬರುವುದಿಲ್ಲ.

ಎಲೆಮರೆಕಾಯಿ ಅವರೇ, ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಅದು ತಲೆಗೆ ಹೋದರೆ ಅರ್ಧ ಬೇಜಾರು ಕಮ್ಮಿಯಾಗುತ್ತದೆ.

ಒಳ್ಳೆ ದಟ್ಟ ಮಳೆಕಾಡಿನಲ್ಲಿ ಮೇಲಿನ ಎಲೆಗಳ ಚಪ್ಪರ ದಾಟಿ ನೆಲ ಮುಟ್ಟುವ ಬೆಳಕು ನೂರಕ್ಕೆ ಒಂದೆರಡು ಪಾಲು ಅಷ್ಟೆ. ಕ್ಯಾಮೆರಾ ಭಾಷೆಯಲ್ಲಿ 6 ಸ್ಟಾಪ್ ಕಮ್ಮಿ. ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಹಾಗಾಗಿ 6 ಸ್ಟಾಪ್ ಅಂದರೆ 64ರಲ್ಲಿ ಒಂದು ಪಾಲು. ಮೋಡ ಮುಚ್ಚಿದ ದಿನ ಕಾಡಿನ ಹೊರಗೆ ಐಎಸ್‌ಒ 100, ಎಫ್ 8 (ಲೆನ್ಸಿನ ಕಿಂಡಿಯ ಅಳತೆ) ಇಟ್ಟರೆ 1/60 ಸೆಕೆಂಡ್ ಶಟರ್ ಸಿಗುತ್ತದೆ ಅಂದುಕೊಳ್ಳಿ. ಒಳಗೆ ಹೋದರೆ ಅದೇ ಫೋಟೋಗೆ ಪೂರ್ತಿ 1 ಸೆಕೆಂಡ್ ಬೇಕು. ಇಲ್ಲ, ನನಗೆ 1/60 ಬೇಕೇ ಬೇಕು ಅಂದರೆ ಐಎಸ್‌ಒ 100ರಿಂದ 6 ಸಲ ದುಪ್ಪಟ್ಟು ಮಾಡಿ. 6400! ನಿಮ್ಮ ಕ್ಯಾಮೆರಾ ಅಲ್ಲಿ ಹೋಗಿ ಕೂತದ್ದು ಅದರ ತಪ್ಪಲ್ಲ. ನೀವು ಕೇಳಿದ್ದನ್ನೇ ಕೊಟ್ಟಿದೆ.

ಈಗ ಇನ್ನೊಂದು ಪೆಟ್ಟು ನೋಡಿ. ನೇರ ಬಿಸಿಲು ಬಿದ್ದ ಎಲೆಗೂ ಪಕ್ಕದ ಗಾಢ ನೆರಳಿಗೂ 9 ಸ್ಟಾಪ್ ಅಂತರ ಇರಬಹುದು. ಫುಲ್ ಫ್ರೇಮ್ ಸೆನ್ಸರ್ ಐಎಸ್‌ಒ 100ರಲ್ಲಿ ಸುಮಾರು 14 ಸ್ಟಾಪ್ ಹಿಡಿಯುತ್ತದೆ. ಐಎಸ್‌ಒ ಏರಿಸುತ್ತಾ ಹೋದ ಹಾಗೆ ಈ ಜಾಗ ಕುಗ್ಗುತ್ತದೆ. 6400ಕ್ಕೆ ಬರುವಷ್ಟರಲ್ಲಿ 9ರ ಆಸುಪಾಸು ಉಳಿದರೆ ಹೆಚ್ಚು. ಅಂದರೆ ಅತಿ ಜಾಸ್ತಿ ಜಾಗ ಬೇಕಾದ ಕಡೆಯೇ ನೀವು ಜಾಗ ಕಳೆದುಕೊಂಡಿರಿ. ಕಪ್ಪು ಮತ್ತು ಬಿಳಿ ತೂತು ಎರಡೂ ಒಟ್ಟಿಗೆ ಬಂದದ್ದು ಅದಕ್ಕೇ.

ಮದ್ದು ನನ್ನ ಹೆಸರಲ್ಲೇ ಇದೆ. ಟ್ರೈಪಾಡ್ ತಗೊಂಡು ಹೋಗಿ. ಐಎಸ್‌ಒ 100, ಎಫ್ 8, 1 ಸೆಕೆಂಡ್, 2 ಸೆಕೆಂಡ್, ಬೇಕಾದರೆ 4. ಎಲೆ ಅಲ್ಲಾಡುವುದಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಮೇಲೆ ಗಾಳಿ ಬೀಸುತ್ತಿದ್ದರೂ ಕೆಳಗೆ, ಮೊಣಕಾಲೆತ್ತರದಲ್ಲಿ, ಗಾಳಿ ಸತ್ತ ಹಾಗಿರುತ್ತದೆ. 2 ಸೆಕೆಂಡಿಗೂ ಜರೀಗಿಡ ಕಲ್ಲಿನ ಹಾಗೆ ನಿಂತದ್ದು ಎಷ್ಟೋ ಸಲ ನೋಡಿದ್ದೇನೆ. ಕಾಟ ಕೊಡುವುದು ಗಾಳಿಯಲ್ಲ, ಹನಿ. ಮಳೆ ನಿಂತು ಅರ್ಧ ಗಂಟೆಯಾದರೂ ಮರ ಹನಿಸುತ್ತಲೇ ಇರುತ್ತದೆ. ಒಂದು ಎಲೆ ಟಪ್ ಅಂತ ಬಗ್ಗಿ ಎದ್ದರೆ ಆ ಫೋಟೋ ಹೋಯಿತು. ಒಂದೇ ಚೌಕಟ್ಟನ್ನು ಐದಾರು ಸಲ ತೆಗೆಯಿರಿ, ಒಂದರಲ್ಲಾದರೂ ಎಲ್ಲ ಎಲೆಗಳೂ ಸುಮ್ನೆ ಇರುತ್ತವೆ.

ಟ್ರೈಪಾಡ್ ಕಾಲನ್ನು ತರಗೆಲೆಯ ಮೇಲೆ ಇಡಬೇಡಿ. ಎಲೆ ಸರಿಸಿ, ಗಟ್ಟಿ ಮಣ್ಣು ಸಿಗುವ ತನಕ ಒತ್ತಿ. ಬೇರಿನ ಮೇಲೂ ಬೇಡ, ಆ ಮರ ತೂಗಿದರೆ ಬೇರೂ ಮಿಸುಕುತ್ತದೆ. ಎರಡು ಸೆಕೆಂಡಿನ ಟೈಮರ್ ಹಾಕಿ, ಕೈ ತೆಗೆದು, ಕಾಲೂ ಅಲ್ಲಾಡಿಸದೆ ನಿಲ್ಲಿ. ಮೆತ್ತನೆಯ ನೆಲದಲ್ಲಿ ನೀವು ಕಾಲು ಬದಲಿಸಿದರೆ ಟ್ರೈಪಾಡಿಗೆ ಗೊತ್ತಾಗುತ್ತದೆ.


ಜೀರುಂಡೆ

ಈಗಿನ ಕ್ಯಾಮೆರಾಗಳಲ್ಲಿ ಸ್ಟೆಬಿಲೈಸೇಷನ್ ಇರುತ್ತಲ್ಲ ಸರ್. ನಾನು 1/4 ಸೆಕೆಂಡ್ ಕೈಯಲ್ಲೇ ಹಿಡಿದು ತೆಗೆದಿದ್ದೇನೆ. ಚೂಪಾಗಿಯೇ ಬಂದಿದೆ.


ಮುಕ್ಕಾಲಿ

ಬರುತ್ತದೆ. ಆದರೆ ಟ್ರೈಪಾಡಿನ ನಿಜವಾದ ಉಪಯೋಗ ಅಲುಗಾಟ ತಪ್ಪಿಸುವುದಷ್ಟೇ ಅಲ್ಲ. ಅದು ನಿಮ್ಮನ್ನು ಒಂದೇ ಕಡೆ ಕಟ್ಟಿಹಾಕುತ್ತದೆ. ಕೈಯಲ್ಲಿ ಹಿಡಿದವರು 900 ತೆಗೆಯುತ್ತಾರೆ.


ಎಲೆಮರೆಕಾಯಿ

ಬಾಣ ಸರಿಯಾಗಿ ನಾಟಿತು ಸರ್.


ಸೋನೆಮಳೆ

ನಾನು ಗಿಡಮರ ಓದಿದವಳು, ಫೋಟೋ ಆಮೇಲೆ ಹಿಡಿದ ಹುಚ್ಚು. ಅದಕ್ಕೇ ಈ ವಿಷಯಕ್ಕೆ ಬೇರೆ ಕಡೆಯಿಂದ ಬರುತ್ತೇನೆ.

ಎಲೆಮರೆಕಾಯಿ, ಬೆಳಗ್ಗೆ 5ಕ್ಕೆ ಎದ್ದದ್ದು ವ್ಯರ್ಥ. ಬೇಜಾರಾಗಬೇಡಿ. ಬಯಲಿನಲ್ಲಿ, ಕಡಲ ದಂಡೆಯಲ್ಲಿ ಹೊಂಬಿಸಿಲಿಗೆ ಬೆಲೆ. ಕಾಡಿನೊಳಗೆ ಅದು ಬರುವುದೇ ಇಲ್ಲ. ಸೂರ್ಯ 10 ಡಿಗ್ರಿ ಎತ್ತರದಲ್ಲಿದ್ದಾಗ ಅವನ ಬೆಳಕು ಓರೆಯಾಗಿ ನುಗ್ಗಬೇಕು. ನೆತ್ತಿಯ ಮೇಲಿಂದ ಬರುವುದಕ್ಕಿಂತ ಸುಮಾರು 6 ಪಟ್ಟು ದಪ್ಪ ಎಲೆರಾಶಿ ದಾಟಬೇಕು. ಯಾವ ಬಿಸಿಲಿಗೆ ಅಷ್ಟು ತಾಳ್ಮೆ ಇದೆ? ಸಮಭಾಜಕದ ಹತ್ತಿರದ ಕಾಡುಗಳಲ್ಲಂತೂ ಸೂರ್ಯ ನೆಟ್ಟಗೆ ಮೇಲೇರುತ್ತಾನೆ, ಹೊಂಬಣ್ಣದ ಹೊತ್ತೂ ಬೇಗ ಮುಗಿಯುತ್ತದೆ. ಕಾಡಿನೊಳಗಿನ ಬೆಳಗು ಶುರುವಾಗುವುದು ಒಂಬತ್ತರ ಮೇಲೆ. ಹೊಂಬಿಸಿಲೇ ಬೇಕಿದ್ದರೆ ಹೊಳೆ ದಂಡೆಗೆ ಹೋಗಿ, ಇಲ್ಲಾ ದೊಡ್ಡ ಮರ ಉರುಳಿ ಚಪ್ಪರ ಹರಿದ ಕಡೆಗೆ. ನಿಮ್ಮ ಮೂರು ಒಳ್ಳೆ ಫೋಟೋ ಹೊಳೆ ಪಕ್ಕ ಬಂದದ್ದು ಸುಮ್ನೆ ಅಲ್ಲ.

ಈಗ ಬಿಸಿಲ ಬಿಲ್ಲೆ. ನೆಲದ ಮೇಲೆ ಬೀಳುವ ಬಿಸಿಲಿನ ಚುಕ್ಕೆಗಳನ್ನು ಎಂದಾದರೂ ಕೂತು ನೋಡಿದ್ದೀರಾ? ಎಲೆ ಸಂದಿಗಳು ಮೂರು ಮೂಲೆ, ನಾಲ್ಕು ಮೂಲೆ, ಹರಕು ಮುರುಕು. ನೆಲದ ಚುಕ್ಕೆ ಮಾತ್ರ ದುಂಡಗೆ. ಯಾಕೆ ಅಂದರೆ ಅದು ಸಂದಿಯ ಆಕಾರವಲ್ಲ, ಸೂರ್ಯನ ಚಿತ್ರ. ಸಣ್ಣ ಸಂದಿ ಪಿನ್‌ಹೋಲ್ ಕ್ಯಾಮೆರಾದ ಹಾಗೆ ಕೆಲಸ ಮಾಡುತ್ತದೆ. ಪಾರ್ಶ್ವ ಸೂರ್ಯಗ್ರಹಣದ ದಿನ ಮರದಡಿ ನಿಂತರೆ ಈ ಬಿಲ್ಲೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿರುತ್ತವೆ, ನೋಡಿದವರಿಗೆ ನೆನಪಿರುತ್ತದೆ.

ಬಿಲ್ಲೆಯ ಅಗಲ ಸಂದಿ ಎಷ್ಟು ಎತ್ತರದಲ್ಲಿದೆ ಅನ್ನುವುದರ ಮೇಲೆ. ಎತ್ತರವನ್ನು 107ರಿಂದ ಭಾಗಿಸಿ. 30 ಮೀಟರ್ ಮೇಲಿನ ಸಂದಿಯಿಂದ ಬಂದರೆ 28 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಬೋರ್ನಿಯೋದ ದಾನುಮ್ ಕಣಿವೆಯಲ್ಲಿ 100 ಮೀಟರ್ ದಾಟಿದ ಒಂದು ಮರವನ್ನು 2019ರಲ್ಲಿ ಅಳೆದು ತೋರಿಸಿದ್ದಾರೆ. ಅದರ ತುದಿಯ ಸಂದಿಯಿಂದ ಅಡ್ಡಿಯಿಲ್ಲದೆ ಬಿಸಿಲು ಇಳಿದರೆ ಬಿಲ್ಲೆ ಹತ್ತಿರಹತ್ತಿರ ಒಂದು ಮೀಟರ್ ಅಗಲ. ಅಗಲ ಆದಷ್ಟೂ ಮಂಕು, ಅಂಚೂ ಮೆತ್ತಗೆ. ಫೋಟೋಗೆ ಅಂಥದ್ದೇ ಚೆಂದ. ಮರ ಎತ್ತರ ಇದ್ದಷ್ಟೂ ಬೆಳಕು ಮೆದು.

ಇನ್ನೂ ಒಂದು ಇದೆ, ಇದು ನೇರ ಉಪಯೋಗಕ್ಕೆ ಬರುತ್ತದೆ. ಸೂರ್ಯ ಆಕಾಶದಲ್ಲಿ ತನ್ನ ಅಗಲದಷ್ಟು ಸರಿಯಲು ಸುಮಾರು 2 ನಿಮಿಷ ತೆಗೆದುಕೊಳ್ಳುತ್ತಾನೆ. ಹಾಗಾಗಿ ಬಿಲ್ಲೆಯೂ, ಗೇಣಗಲವೇ ಇರಲಿ ಮೀಟರ್ ಅಗಲವೇ ಇರಲಿ, 2 ನಿಮಿಷದಲ್ಲಿ ತನ್ನ ಅಗಲದಷ್ಟು ಜಾಗ ಬಿಟ್ಟು ಹೋಗಿರುತ್ತದೆ. ಯಾವ ಕಡೆಗೆ? ಸೂರ್ಯನಿಗೆ ಎದುರು ದಿಕ್ಕಿಗೆ. ಅವನು ಪಶ್ಚಿಮಕ್ಕೆ, ಇದು ಪೂರ್ವಕ್ಕೆ.

ಇದು ಗೊತ್ತಿಲ್ಲದವರು ಏನು ಮಾಡುತ್ತಾರೆ? ಬಿಸಿಲು ಬಿದ್ದ ಅಣಬೆ ಕಂಡ ಕೂಡಲೇ ಓಡಿಹೋಗಿ, ಬ್ಯಾಗ್ ಬಿಚ್ಚಿ, ಟ್ರೈಪಾಡ್ ಎಳೆದು, ಫೋಕಸ್ ಮಾಡಿ ತಲೆ ಎತ್ತುವಷ್ಟರಲ್ಲಿ ಅಣಬೆ ನೆರಳಿಗೆ ಹೋಗಿರುತ್ತದೆ. ಬೆಳಕಿನ ಹಿಂದೆ ಓಡಬೇಡಿ. ಬಿಲ್ಲೆ ಎಲ್ಲಿದೆ ನೋಡಿ, ಅದರ ಪೂರ್ವಕ್ಕೆ ಎರಡು ಮೂರು ಗೇಣು ಆಚೆ ಏನಿದೆ ಹುಡುಕಿ. ಒಂದು ಅಣಬೆ, ಸುರುಳಿ ಬಿಚ್ಚುತ್ತಿರುವ ಜರೀಗಿಡ, ಏನೋ ಒಂದು. ಅದಕ್ಕೆ ಫೋಕಸ್ ಮಾಡಿ ಕೂತುಕೊಳ್ಳಿ. ಬೆಳಕು ತಾನೇ ಬರುತ್ತದೆ. ಕೆಲವೊಮ್ಮೆ ಮೇಲಿನ ಎಲೆ ಅಲ್ಲಾಡಿ, ಸಂದಿ ಮುಚ್ಚಿ ಕೈಕೊಡುತ್ತದೆ ಅನ್ನುವುದೂ ನಿಜ. ಐದರಲ್ಲಿ ಮೂರು ಸಲ ನನಗೆ ಹಾಗೇ ಆಗಿದೆ.

ಕಾಡಿನ ನೆಲದ ಗಿಡಗಳೂ ಇದೇ ಬಿಲ್ಲೆಗಳಿಗೆ ಕಾದು ಬದುಕುತ್ತವೆ. ದಿನದ ಬೆಳಕಿನ ದೊಡ್ಡ ಪಾಲು ಅವಕ್ಕೆ ಸಿಗುವುದು ಈ ಕೆಲವೇ ನಿಮಿಷಗಳಲ್ಲಿ. ನಾವೂ ಅವುಗಳ ಪಕ್ಕ ಒಂದರ್ಧ ಗಂಟೆ ಕೂತರೆ ಏನೂ ಕಳೆದುಕೊಳ್ಳಲ್ಲ.


ಜೀರುಂಡೆ

ಮೇಡಂ, ದುಂಡಗಿನ ಬಿಲ್ಲೆ ಓದಿ ಹೊರಗೆ ಹೋಗಿ ಮರದಡಿ ನೋಡಿ ಬಂದೆ. ಹೌದು! ಇಷ್ಟು ವರ್ಷ ಕಣ್ಣಿಗೇ ಬಿದ್ದಿರಲಿಲ್ಲ.


ಹಳೇರೀಲು

ಸೋನೆಮಳೆಯವರು ಬರೆದದ್ದನ್ನು ಪ್ರಿಂಟ್ ತೆಗೆದು ಕ್ಯಾಮೆರಾ ಬ್ಯಾಗಿನಲ್ಲಿ ಇಟ್ಟುಕೊಳ್ಳಬೇಕು.

ನಾನು ಫಿಲ್ಮ್ ಕಾಲದವನು. ಸ್ಲೈಡ್ ಫಿಲ್ಮ್ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ 5 ಸ್ಟಾಪ್. ಮುಕ್ಕಾಲಿ ಹೇಳಿದ 14 ನಮಗೆ ಕನಸು. 9 ಸ್ಟಾಪ್ ಅಂತರದ ಕಾಡನ್ನು 5 ಸ್ಟಾಪಿನ ಫಿಲ್ಮಿನಲ್ಲಿ ಹೇಗೆ ತೆಗೆದೆವು ಹಾಗಾದರೆ? ಏನನ್ನು ಬಿಡಬೇಕು ಅಂತ ಮೊದಲೇ ತೀರ್ಮಾನ ಮಾಡುತ್ತಿದ್ದೆವು. ಬಿಸಿಲು ಬಿದ್ದ ಎಲೆಗೆ ಎಕ್ಸ್‌ಪೋಷರ್ ಇಟ್ಟು ಉಳಿದದ್ದು ಕಪ್ಪಾಗಲಿ ಅಂತ ಬಿಟ್ಟುಬಿಡುತ್ತಿದ್ದೆವು. ಇಲ್ಲಾ ಬಿಸಿಲೇ ಇಲ್ಲದ ಮೋಡದ ದಿನ ಹೋಗುತ್ತಿದ್ದೆವು.

ಈಗಿನ ಫೋಟೋಗಳಲ್ಲಿ ನನಗೆ ಕಿರಿಕಿರಿ ಆಗುವುದು ಕಪ್ಪು ನೆರಳಲ್ಲ, ಕಪ್ಪೇ ಇಲ್ಲದಿರುವುದು. ಎಡಿಟಿಂಗಿನಲ್ಲಿ ನೆರಳು ಬೆಳಗಿಸುವ ಶ್ಯಾಡೋ ಸ್ಲೈಡರನ್ನು ಕೊನೆ ಮುಟ್ಟಿಸಿ, ಮೂರು ಎಕ್ಸ್‌ಪೋಷರ್ ಬೆರೆಸಿ, ಪ್ರತಿ ಬೊಡ್ಡೆಯ ಸಂದಿಯನ್ನೂ ಟಾರ್ಚ್ ಹಾಕಿದ ಹಾಗೆ ಬೆಳಗಿಸುತ್ತಾರೆ. ಆಮೇಲೆ ಅದು ಕಾಡಲ್ಲ, ನೀರು ಹಾಕಿ ಬೆಳೆಸಿದ ಪಾರ್ಕು. ಕಾಡಿನೊಳಗೆ ಹಗಲಲ್ಲೂ ಕತ್ತಲಿದೆ ಸ್ವಾಮಿ, ನೂರಕ್ಕೆ ತೊಂಬತ್ತೆಂಟು ಪಾಲು ಬೆಳಕು ಮೇಲೆಯೇ ನಿಂತುಹೋಗಿದೆ. ಅದನ್ನು ತೋರಿಸಿ. ಎಲೆಮರೆಕಾಯಿ ಕಪ್ಪಾಗಿದೆ ಅಂತ ಎಸೆಯಲು ಹೊರಟ ಫೋಟೋಗಳಲ್ಲಿ ಒಳ್ಳೆಯವು ಇರಬಹುದು ಅಂತ ನನಗೆ ಗುಮಾನಿ.


ಮುಕ್ಕಾಲಿ

ಅರ್ಧ ಒಪ್ಪುತ್ತೇನೆ ಹಳೇರೀಲು ಸರ್. ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ. ಹತ್ತು ನಿಮಿಷ ಒಳಗೆ ನಿಂತವರಿಗೆ ನೆರಳಿನಲ್ಲೂ ಹಾವಸೆ, ಬೇರು ಎಲ್ಲ ಕಾಣುತ್ತದೆ. ಪೂರ್ತಿ ಕಪ್ಪು ಬಿಟ್ಟರೆ ಅದೂ ಸುಳ್ಳೇ ಅಲ್ವಾ?


ಹಳೇರೀಲು

ಕಾಣುತ್ತದೆ, ಆದರೆ ಕತ್ತಲಲ್ಲಿ ಇರುವ ಹಾಗೆ ಕಾಣುತ್ತದೆ. ಸ್ಲೈಡರನ್ನು ಸ್ವಲ್ಪ ಎತ್ತಿ, ಬೇಡ ಅನ್ನಲ್ಲ. ಬಿಸಿಲಿನ ಎಲೆಗೂ ನೆರಳಿನ ಬೇರಿಗೂ ಒಂದೇ ಮರ್ಯಾದೆ ಕೊಡಬೇಡಿ ಅಷ್ಟೆ.


ಎಲೆಮರೆಕಾಯಿ

ಇದನ್ನೇ ಕೇಳಬೇಕಿತ್ತು. ಎಕ್ಸ್‌ಪೋಷರ್ ಹೇಗೆ ಇಡುವುದು? ನನ್ನ ಕ್ಯಾಮೆರಾದ ಬೆಳಕಿನ ಮೀಟರ್ ಒಂದೊಂದು ಸಲ ಒಂದೊಂದು ಹೇಳುತ್ತದೆ.


ಮುಕ್ಕಾಲಿ

ಮೀಟರ್ ಪಾಪ ಎಲ್ಲವನ್ನೂ ನಡು ಬೂದು ಮಾಡಲು ನೋಡುತ್ತದೆ. ಬರೀ ಕತ್ತಲ ಕಾಡು ತೋರಿಸಿದರೆ ಜಾಸ್ತಿ ಬೆಳಗಿಸುತ್ತದೆ, ಆಗ 1 ಸ್ಟಾಪ್ ಇಳಿಸಿ. ಚೌಕಟ್ಟಿನಲ್ಲಿ ಬಿಳಿ ಆಕಾಶದ ತೂತುಗಳಿದ್ದರೆ ಅದು ಹೆದರಿ ಕಪ್ಪು ಮಾಡುತ್ತದೆ. ಮಂಜು ತುಂಬಿದ್ದರೆ ಮಂಜನ್ನೂ ಬೂದು ಮಾಡುತ್ತದೆ, ಆಗ 1 ಸ್ಟಾಪ್ ಏರಿಸಿ. ನಾನು ಮೀಟರನ್ನು ನಂಬುವುದು ಬಿಟ್ಟು ಹಿಸ್ಟೋಗ್ರಾಂ (ಎಡಗಡೆಯ ಕಪ್ಪಿನಿಂದ ಬಲಗಡೆಯ ಬಿಳಿಯ ತನಕ ಎಷ್ಟೆಷ್ಟು ಇದೆ ಅಂತ ತೋರಿಸುವ ನಕ್ಷೆ) ನೋಡುತ್ತೇನೆ. ಅದೂ ಮೂರು ಬಣ್ಣ ಬೇರೆಬೇರೆ ತೋರಿಸುವುದು. ಹಸಿರು ಎಲೆಗೆ ಬಿಸಿಲು ಬಿದ್ದರೆ ಹಸಿರು ಗೆರೆ ಮೊದಲು ಬಲಗಡೆ ಗೋಡೆಗೆ ಬಡಿಯುತ್ತದೆ, ಒಟ್ಟು ಹಿಸ್ಟೋಗ್ರಾಂನಲ್ಲಿ ಅದು ಮುಚ್ಚಿಹೋಗಬಹುದು. ಎಲೆಯ ನರಗಳು ಬೇಕಿದ್ದರೆ ಆ ಹಸಿರು ಗೆರೆ ಒಳಗೇ ಉಳಿಯಬೇಕು.

ಆಕಾಶದ ತೂತಿಗೆ ಮಾತ್ರ ಎಕ್ಸ್‌ಪೋಷರಿನಲ್ಲಿ ಮದ್ದಿಲ್ಲ. ಚೌಕಟ್ಟಿನಿಂದಲೇ ಹೊರಗೆ ಹಾಕಬೇಕು. ಇಳಿಜಾರು ಹುಡುಕಿ, ಮೇಲೆ ನಿಂತು ಕೆಳಗೆ ನೋಡುತ್ತಾ ತೆಗೆಯಿರಿ. ಹಿಂದೆ ಆಕಾಶದ ಬದಲು ಇನ್ನಷ್ಟು ಕಾಡೇ ಬರುತ್ತದೆ. ಇಳಿಜಾರಿನ ಮೇಲೆ ನಿಂತರೆ ಕೆಳಗಿನ ಮರಗಳ ನಡು ಎತ್ತರ ಕಣ್ಣಿಗೆ ಸಮನಾಗಿ ಸಿಗುವುದೂ ಒಂದು ಲಾಭ. ಸಮತಟ್ಟಾಗಿದ್ದರೆ ಅರ್ಧ ಹೆಜ್ಜೆ ಎಡಕ್ಕೆ ಬಲಕ್ಕೆ ಸರಿದು ತೂತನ್ನು ಬೊಡ್ಡೆಯ ಹಿಂದೆ ಬಚ್ಚಿಡಿ. ನಂಬಿ, ನನ್ನ ಅರ್ಧ ಸಮಯ ಹೋಗುವುದು ಈ ಅರ್ಧ ಹೆಜ್ಜೆಯಲ್ಲೇ.


ಜೀರುಂಡೆ

ಈಗ ನನ್ನ ಹತ್ತಿರ ಇರುವುದು ಬರೀ ಫೋನು. ನನಗೇನಾದರೂ ದಾರಿ ಇದೆಯಾ, ಇಲ್ಲಾ ಹಿಂದಿನ ಬೆಂಚಲ್ಲಿ ಕೂತು ಕೇಳಲಾ?


ಸೋನೆಮಳೆ

ಇದೆ ಇದೆ. ಫೋನಿನ ತೊಂದರೆ ಒಂದೇ, ಅದು ಹಳೇರೀಲು ಸರ್ ಬೈದದ್ದನ್ನೇ ಕೇಳದೆ ಮಾಡುತ್ತದೆ. ಒಂದರ ಮೇಲೊಂದು ಹಲವು ಫೋಟೋ ತೆಗೆದು ಬೆರೆಸಿ ನೆರಳನ್ನೆಲ್ಲ ಎತ್ತಿಬಿಡುತ್ತದೆ. ಬಿಸಿಲು ಬಿದ್ದ ಎಲೆಯನ್ನು ಬೆರಳಲ್ಲಿ ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಇನ್ನೂ ಸ್ವಲ್ಪ ಎಳೆಯಿರಿ. ಕಾಡು ತಟ್ಟನೆ ಕಾಡಾಗುತ್ತದೆ. ನೈಟ್ ಮೋಡ್ ತಾನಾಗಿ ಶುರುವಾದರೆ ಫೋನನ್ನು ಮರಕ್ಕೆ ಒತ್ತಿ ಹಿಡಿಯಿರಿ. ಅಲ್ಲಾಡಿದ ಎಲೆಗಳನ್ನು ಅದು ಬಣ್ಣ ಬಳಿದ ಹಾಗೆ ಮೆತ್ತುತ್ತದೆ, ಅದು ಬೇಡವಾದರೆ ಆ ಮೋಡ್ ಆರಿಸಿ.


ಜೀರುಂಡೆ

ಕತ್ತೆತ್ತಿ ಮೇಲೆ ನೋಡಿ ತೆಗೆದರೆ? ಮರಗಳ ನೆತ್ತಿಗಳ ನಡುವೆ ಹೊಳೆಯ ಹಾಗೆ ಆಕಾಶ ಬಿಟ್ಟುಕೊಂಡಿರುತ್ತಲ್ಲ, ಆ ಥರದ್ದು.


ಸೋನೆಮಳೆ

ಕೆಲವು ಜಾತಿಯ ಮರಗಳು ಪಕ್ಕದ ಮರದ ನೆತ್ತಿಗೆ ತಾಗದ ಹಾಗೆ ಅಂತರ ಬಿಟ್ಟು ಬೆಳೆಯುತ್ತವೆ. ಮಲೇಷ್ಯಾದ ಕೆಪೊಂಗ್‌ನ ಅರಣ್ಯ ಸಂಶೋಧನಾ ಸಂಸ್ಥೆಯ ಕಪೂರ್ ಮರಗಳು ಇದಕ್ಕೇ ಹೆಸರಾಗಿವೆ. ಅಲ್ಲಿ ಅಂತರವೇ ಚಿತ್ರ. ಮೋಡದ ದಿನ ತೆಗೆಯಿರಿ, ಎಲೆ ಪೂರ್ತಿ ಕಪ್ಪಾಗದಷ್ಟು ಎಕ್ಸ್‌ಪೋಷರ್ ಏರಿಸಿ, ಆಕಾಶ ಬೆಳ್ಳಗಾದರೆ ಆಗಲಿ.


ಎಲೆಮರೆಕಾಯಿ

ಇನ್ನು ನನ್ನ ಗೆಳೆಯನ ಪಾಚಿ ಮುಖ?


ಸೋನೆಮಳೆ

ಅದಕ್ಕೆ ಕಾರಣ ಎಲೆಗಳೇ. ಎಲೆಯ ಪತ್ರಹರಿತ್ತು ಕೆಂಪನ್ನೂ ನೀಲಿಯನ್ನೂ ನುಂಗಿ ಹಸಿರನ್ನು ಕೆಳಗೆ ಬಿಡುತ್ತದೆ. ಮೂರು ನಾಲ್ಕು ಪದರ ದಾಟಿ ಬಂದ ಬೆಳಕಲ್ಲಿ ಕೆಂಪು ಉಳಿದಿರುವುದೇ ಕಮ್ಮಿ. ಮುಖದ ಬಣ್ಣಕ್ಕೆ ಬೇಕಾದದ್ದು ಅದೇ. ಸಾಲದ್ದಕ್ಕೆ ಸುತ್ತಲಿನ ಎಲೆಗಳೂ ಹಸಿರನ್ನೇ ಮುಖದ ಮೇಲೆ ಎರಚುತ್ತವೆ. ಇಲ್ಲದ ಕೆಂಪನ್ನು ಕಂಪ್ಯೂಟರಿನಲ್ಲಿ ಎಳೆದು ತಂದರೆ ಮುಖ ಕಾಳು ಕಾಳಾಗುತ್ತದೆ. ಮನುಷ್ಯರನ್ನು ತೆಗೆಯುವುದಾದರೆ ಆಕಾಶ ಕಾಣುವ ಕಡೆ ನಿಲ್ಲಿಸಿ, ಹಳ್ಳದ ಬದಿ ಅಥವಾ ಮರ ಉರುಳಿದ ಜಾಗ.

ಕಾಡಿನ ಫೋಟೋಗೆ ವೈಟ್ ಬ್ಯಾಲೆನ್ಸ್ (ಬಣ್ಣದ ಸಮತೋಲನ) ಆಟೋದಲ್ಲಿ ಬಿಡಬೇಡಿ. ಅದು ಹಸಿರು ಜಾಸ್ತಿ ಅಂತ ನೇರಳೆಗೆಂಪು ಸುರಿಯುತ್ತದೆ, ಆಗ ಬಿಸಿಲಿನ ಬಿಲ್ಲೆ ಗುಲಾಬಿಯಾಗಿ ಕೂರುತ್ತದೆ. 5200 ಕೆಲ್ವಿನ್ ಆಸುಪಾಸಿಗೆ ಕಟ್ಟಿಹಾಕಿ, ರಾ ಫೈಲಲ್ಲಿ (ಕ್ಯಾಮೆರಾ ತಿದ್ದದ ಕಚ್ಚಾ ಫೈಲು) ತೆಗೆದು, ಆಮೇಲೆ ಹಸಿರನ್ನು ಚೂರೇ ಚೂರು ಇಳಿಸಿ. ಒಂದು ಗುಟ್ಟು: ಎಲೆಗಳ ಹಸಿರು ಅಂತ ನಾವು ಅಂದುಕೊಳ್ಳುವುದರಲ್ಲಿ ತುಂಬಾ ಭಾಗ ಎಡಿಟಿಂಗಿನಲ್ಲಿ ಹಳದಿ ಸ್ಲೈಡರಿನ ಕೆಳಗೆ ಬರುತ್ತದೆ. ಹಸಿರು ಸ್ಲೈಡರ್ ಎಳೆದು ಏನೂ ಆಗಲಿಲ್ಲ ಅಂತ ತಲೆ ಕೆರೆದುಕೊಂಡವರು ಹಳದಿ ಮುಟ್ಟಿ ನೋಡಿ.


ಮುಕ್ಕಾಲಿ

ಪೋಲರೈಸರ್ ಮರೆತೆವು, ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಫಿಲ್ಟರ್. ಒದ್ದೆ ಎಲೆಗಳ ಮೇಲಿನ ಬಿಳಿ ಹೊಳಪನ್ನು ಅದು ತೆಗೆಯುತ್ತದೆ, ಅಡಿಯ ಹಸಿರು ಮೇಲೆ ಬರುತ್ತದೆ. ಮೋಡದ ದಿನವೂ ಕೆಲಸ ಮಾಡುತ್ತದೆ. ಒಂದೆರಡು ಸ್ಟಾಪ್ ಬೆಳಕು ನುಂಗುತ್ತದೆ, ಟ್ರೈಪಾಡ್ ಇದ್ದವರಿಗೆ ಚಿಂತೆಯಿಲ್ಲ. ನಾನು ಲೆನ್ಸಿನಿಂದ ಬಿಚ್ಚುವುದೇ ಇಲ್ಲ.


ಹಳೇರೀಲು

ನಾನು ಹಾಕುವುದೇ ಇಲ್ಲ. ಮಳೆಕಾಡು ಅಂದಮೇಲೆ ಒದ್ದೆ. ಹೊಳಪು ತೆಗೆದರೆ ಎಲೆ ಒಣಗಿದ ಬಟ್ಟೆಯ ಹಾಗೆ ಕಾಣುತ್ತದೆ.


ಮುಕ್ಕಾಲಿ

ಪೂರ್ತಿ ತಿರುಗಿಸಿದರೆ ಹಾಗೆ. ಅರ್ಧ ತಿರುಗಿಸಿ ನಿಲ್ಲಿಸಿ ನೋಡಿ ಸರ್.


ಹಳೇರೀಲು

ಅರ್ಧ ತಿರುಗಿಸುವವರು ಯಾಕೆ ಹಾಕಬೇಕು.


ಸೋನೆಮಳೆ

ಇವರಿಬ್ಬರದ್ದು ಮುಗಿಯುವುದಿಲ್ಲ, ಮುಂದೆ ಹೋಗೋಣ. ಬಿಸಿಲುಕೋಲಿನ ಬಗ್ಗೆ ಯಾರೂ ಹೇಳಲಿಲ್ಲ.


ಮುಕ್ಕಾಲಿ

ಬಿಸಿಲುಕೋಲು ಬರೀ ಬಿಸಿಲಿನಿಂದ ಆಗುವುದಿಲ್ಲ, ಗಾಳಿಯಲ್ಲಿ ಏನಾದರೂ ತೇಲುತ್ತಿರಬೇಕು. ಮಂಜು, ಆವಿ, ಹೊಗೆ. ಮಳೆ ನಿಂತು ಬಿಸಿಲು ಬಂದ ಮೊದಲ ಹತ್ತು ಹದಿನೈದು ನಿಮಿಷ ಒದ್ದೆ ಬೊಡ್ಡೆಗಳಿಂದ ಆವಿ ಏಳುತ್ತದೆ, ಆಗ ನೋಡಿ. ಸೂರ್ಯನ ಕಡೆಗೇ ಮುಖ ಮಾಡಿ ನಿಲ್ಲಬೇಕು. ಹನಿಗಳು ಬೆಳಕನ್ನು ಜಾಸ್ತಿ ಚದುರಿಸುವುದು ಅದು ಹೋಗುತ್ತಿರುವ ದಿಕ್ಕಿಗೇ. ಸೂರ್ಯನಿಗೆ ಬೆನ್ನು ಹಾಕಿದರೆ ಅದೇ ಕೋಲು ಮಾಯ. ಸೂರ್ಯನನ್ನು ಒಂದು ಬೊಡ್ಡೆಯ ಹಿಂದೆ ಅಡಗಿಸಿ, ಇಲ್ಲದಿದ್ದರೆ ಲೆನ್ಸಿನೊಳಗೆಲ್ಲ ಮಬ್ಬು ಹರಡುತ್ತದೆ. ಚೂರು ಇಣುಕಲು ಬಿಟ್ಟು ಎಫ್ 16 ಇಟ್ಟರೆ ನಕ್ಷತ್ರ ಮೂಡುತ್ತದೆ. ಲೆನ್ಸಿನ ಬ್ಲೇಡ್ ಸಮಸಂಖ್ಯೆಯಾದರೆ ಅಷ್ಟೇ ಮೊನೆ, ಬೆಸವಾದರೆ ಅದರ ಎರಡು ಪಟ್ಟು. 9 ಬ್ಲೇಡಿಗೆ 18.


ಹಳೇರೀಲು

ಮಂಜು ಅಂದಾಗ ನನ್ನ ಹಣೆಬರಹ ನೆನಪಾಯಿತು. ಒಮ್ಮೆ ಇಡೀ ರಾತ್ರಿ ಎಸಿ ಹಾಕಿದ ಕೋಣೆಯಲ್ಲಿ ಕ್ಯಾಮೆರಾ ಇಟ್ಟುಕೊಂಡು ಮಲಗಿದೆ. ಬೆಳಗ್ಗೆ ನೇರ ಕಾಡಿಗೆ. ಬ್ಯಾಗ್ ತೆರೆದು ಕ್ಯಾಮೆರಾ ಹೊರತೆಗೆದ ಕ್ಷಣವೇ ಮುಂದಿನ ಗಾಜು, ವ್ಯೂಫೈಂಡರ್ ಎಲ್ಲ ಬೆಳ್ಳಗೆ. ಒರೆಸಿದೆ, ಮತ್ತೆ ಕಟ್ಟಿತು. ಒರೆಸಿದೆ, ಮತ್ತೆ ಕಟ್ಟಿತು. ಎದುರಿಗೆ ಬಿಸಿಲುಕೋಲುಗಳು, ಅಷ್ಟು ದಪ್ಪನೆಯವನ್ನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಅಂಗಿ ತುದಿಯಿಂದ ಗಾಜು ಉಜ್ಜುತ್ತಾ ನಿಂತಿದ್ದೆ. ಇಪ್ಪತ್ತು ನಿಮಿಷದಲ್ಲಿ ಲೆನ್ಸ್ ತಿಳಿಯಾಯಿತು. ಕಾಡೂ ತಿಳಿಯಾಗಿತ್ತು.

ಗಾಜು ತಣ್ಣಗಿದ್ದು ಹೊರಗೆ ಬೆಚ್ಚನೆ ತೇವದ ಗಾಳಿ ಇದ್ದರೆ ಇಷ್ಟೇ ಕತೆ. ಬ್ಯಾಗಿನ ಜಿಪ್ ಹಾಕಿಯೇ ಹೊರಗೆ ಒಂದು ಗಂಟೆ ಬಿಡಿ, ಆಮೇಲೆ ತೆಗೆಯಿರಿ. ಇನ್ನೂ ಒಳ್ಳೆಯದು ಅಂದರೆ ಕ್ಯಾಮೆರಾ ಎಸಿ ಕೋಣೆಗೆ ಹೋಗುವುದೇ ಬೇಡ.

ಬೂಷ್ಟಿನ ಬಗ್ಗೆಯೂ ಒಂದು ಮಾತು. ಕಾಡಿನಿಂದ ಬಂದು ಸುಸ್ತಾಗಿ ಒದ್ದೆ ಬ್ಯಾಗನ್ನು ಹಾಗೇ ಕಪಾಟಿಗೆ ತುರುಕಿ ಮೂರು ತಿಂಗಳು ಮರೆತಿದ್ದೆ. ತೆರೆದಾಗ ನನ್ನ ಮೆಚ್ಚಿನ ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಎಳೆ ಎಳೆ. ರಿಪೇರಿಯವರು ತೊಳೆದು ಕೊಟ್ಟರು, ಗಾಜಿನ ಲೇಪಕ್ಕೆ ಆದ ಗಾಯ ಮಾತ್ರ ಹೋಗಲಿಲ್ಲ. ಬಂದ ದಿನವೇ ಒಣಗಿಸಿ. ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಆ ಜೆಲ್ಲಿನ ಬಣ್ಣ ತಿರುಗಿದರೆ ಬಿಸಿ ಮಾಡಿ ಒಣಗಿಸಿಕೊಳ್ಳಬೇಕು, ವರ್ಷಾನುಗಟ್ಟಲೆ ಅದೇ ಪೊಟ್ಟಣ ಇಟ್ಟರೆ ಪೂಜೆಗೆ ಇಟ್ಟ ಹಾಗೆ.


ಮಿಂಚುಹುಳ

ಫ್ಲ್ಯಾಶ್ ಬೇಡ ಸರಿ. ರಿಫ್ಲೆಕ್ಟರ್ ಹಿಡಿದರೆ ನಿಮ್ಮ ಧರ್ಮ ಕೆಡುತ್ತದಾ?


ಮುಕ್ಕಾಲಿ

ಅಣಬೆ ತೆಗೆಯುವಾಗ ನಾನು ಒಂದು ಬಿಳಿ ಹಾಳೆ ಇಡುತ್ತೇನೆ. ಅಣಬೆಯ ಕೊಡೆಯ ಅಡಿಭಾಗಕ್ಕೆ ಅಷ್ಟು ಸಾಕು. ಬೆಳ್ಳಿ ಬಣ್ಣದ್ದು ಬೇಡ, ಅಡಿಯಿಂದ ಟ್ಯೂಬ್‌ಲೈಟ್ ಹಾಕಿದ ಹಾಗಾಗುತ್ತದೆ.


ಹಳೇರೀಲು

ಹಾಳೆ ನಡೆಯುತ್ತದೆ. ಅಲ್ಲಿರುವ ಬೆಳಕನ್ನೇ ಅಲ್ವಾ ತಿರುಗಿಸುತ್ತಿರುವುದು.


ಮಿಂಚುಹುಳ

ಆಹಾ! ಪೋಲರೈಸರ್ ಬೇಡ, ಹಾಳೆ ಬೇಕು. ಗುರುಗಳ ಧರ್ಮ ಗುರುಗಳಿಗೇ ಗೊತ್ತು.


ಎಲೆಮರೆಕಾಯಿ

ಮೂರು ವಾರ ಆಯಿತು. ಮತ್ತೆ ಹೋಗಿ ಬಂದೆ, ಒಂದೇ ಬೆಳಗ್ಗೆ. ಏಳಕ್ಕೆ ಎದ್ದು, ಒಂಬತ್ತರ ಮೇಲೆ ಒಳಗೆ ಹೋದೆ. ಒಟ್ಟು 43 ಫೋಟೋ.

ಒಂದು ಉರುಳಿದ ಮರದ ಮೇಲೆ, ಹಾವಸೆಯ ನಡುವೆ, ಸುರುಳಿ ಬಿಚ್ಚುತ್ತಿದ್ದ ಜರೀಗಿಡ ಸಿಕ್ಕಿತು. ಕಿರುಬೆರಳಿನ ಉದ್ದ. ಅದರ ಪಶ್ಚಿಮಕ್ಕೆ ಮೂರು ಗೇಣು ದೂರದಲ್ಲಿ ಒಂದು ಬಿಲ್ಲೆ. ಟ್ರೈಪಾಡ್ ಹಾಕಿ, ಐಎಸ್‌ಒ 100, ಎಫ್ 8 ಇಟ್ಟು, ಹಿಂದೆ ಕಪ್ಪು ಬೊಡ್ಡೆ ಬರುವ ಹಾಗೆ ಅರ್ಧ ಹೆಜ್ಜೆ ಸರಿದು ಕೂತೆ. ನೆರಳಿನಲ್ಲಿ ಒಂದು ಪರೀಕ್ಷೆಯ ಫೋಟೋ ತೆಗೆದೆ, 1 ಸೆಕೆಂಡ್. ಮುಕ್ಕಾಲಿ ಸರ್ ಹೇಳಿದ ಅಂಕೆಯೇ! ಒಬ್ಬನೇ ಕೂತು ನಕ್ಕೆ.

ಬಿಲ್ಲೆ ತೆವಳುತ್ತಾ ಬಂತು. ನಿಜವಾಗಿಯೂ ತೆವಳುತ್ತದೆ, ಹಾವಸೆಯ ಒಂದೊಂದೇ ಕೂದಲು ಹೊತ್ತಿಕೊಳ್ಳುವುದು ಕಾಣುತ್ತದೆ. ಇನ್ನೇನು ಗಿಡ ಮುಟ್ಟಬೇಕು, ಮೇಲೆ ಎಲ್ಲೋ ಗಾಳಿ ಬೀಸಿ ಬಿಲ್ಲೆಯೇ ಹೋಯಿತು. ಐದರಲ್ಲಿ ಮೂರು ಸಲ ಅಂತ ಸೋನೆಮಳೆ ಮೇಡಂ ಹೇಳಿದ್ದು ನೆನಪಾಗಿ ಸುಮ್ನೆ ಕೂತೆ. ಕಾಲಿಗೆ ಎರಡು ಇಂಬಳ ಹತ್ತಿದ್ದು ಆಗಲೇ ಇರಬೇಕು. ನಾಲ್ಕೈದು ನಿಮಿಷದ ಮೇಲೆ ಬೇರೆ ಸಂದಿಯಿಂದ ಇನ್ನೊಂದು ಬಿಲ್ಲೆ ಬಂತು, ಅದು ಇನ್ನೂ ಮೆತ್ತಗೆ. ಸುರುಳಿಯ ಮೈಮೇಲಿನ ಬಂಗಾರದ ರೋಮಗಳೆಲ್ಲ ಹಿಂದಿನಿಂದ ಬೆಳಗಿದವು. 1/60 ಸೆಕೆಂಡಿಗೆ ಇಳಿಸಿ ಆರು ಫೋಟೋ ತೆಗೆದೆ. ಏಳನೆಯದಕ್ಕೆ ಬೆಳಕಿರಲಿಲ್ಲ.

ನೆರಳನ್ನು ಎತ್ತಿಲ್ಲ ಹಳೇರೀಲು ಸರ್. ಹಿಂದಿನ ಬೊಡ್ಡೆ ಇದೆ ಅಂತ ಗೊತ್ತಾಗುತ್ತದೆ, ಅಷ್ಟೆ. ಹಳೆಯ 900ರಲ್ಲೂ ಮತ್ತೆ ಹುಡುಕಿದೆ. ನಿಮ್ಮ ಗುಮಾನಿ ಸರಿ, ಕಪ್ಪು ಅಂತ ಬಿಟ್ಟಿದ್ದರಲ್ಲಿ ನಾಲ್ಕು ಸಿಕ್ಕವು.

ಒಂದೇ ಬೇಜಾರು. ಆರರಲ್ಲೂ ಎಡಗಡೆ ಮೂಲೆಯಲ್ಲಿ ಒಂದು ಬಿಳಿ ತೂತು ಉಳಿದಿದೆ. ಕತ್ತರಿಸಿದರೆ ಸುರುಳಿ ಇಕ್ಕಟ್ಟಾಗುತ್ತದೆ. ಏನು ಮಾಡಲಿ?


ಮುಕ್ಕಾಲಿ

ತೆಗೆಯುವ ಮುಂಚೆ ನಾಲ್ಕೂ ಮೂಲೆ ನೋಡಬೇಕಿತ್ತು. ಫೋಟೋ ಹಾಕಿ, ನೋಡೋಣ.


ಹಳೇರೀಲು

ಬಿಡಿ, ಇರಲಿ ಅದು. ಬೆಳಕು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.


ಮುಕ್ಕಾಲಿ

ಶುರುವಾಯಿತು ನೋಡಿ.